ಗಿಸ್ಲೆನ್ ವೆರ್ಮೆಶ್‌ನ ಗೌರವದ ಒದೆತ

ಕಲ್ಲಿದ್ದಲು ಗಣಿ ಮುಚ್ಚಿದ ಮೇಲೆ ಆ ಊರಿನವರಿಗೆ ಹೇಳಿಕೊಳ್ಳಲು ಉಳಿದದ್ದು ಫುಟ್‌ಬಾಲ್ ಕ್ಲಬ್ಬು ಮತ್ತು ಗಿಸ್ಲೆನ್ ವೆರ್ಮೆಶ್. ಗಣಿ ಕಾರ್ಮಿಕನ ಮಗನಾದ ಅವನು ಹದಿನಾಲ್ಕು ವರ್ಷ ಎಂಟನೇ ನಂಬರಿನ ಅಂಗಿ ತೊಟ್ಟು ಮೈದಾನದ ನಡುಭಾಗವನ್ನು ಕಾದಿದ್ದ. ಮಳೆಯಲ್ಲಿ ನೆನೆದು ಕಲ್ಲಿನಂತಾದ ತೊಗಲಿನ ಚೆಂಡನ್ನು ತಲೆಯಿಂದ ಹೊಡೆಯುವುದರಲ್ಲಿ ಅವನಂಥವನು ಇನ್ನೊಬ್ಬನಿಲ್ಲ ಎಂದು ಜನ ಈಗಲೂ ಹೇಳುತ್ತಿದ್ದರು.

ಎಪ್ಪತ್ಮೂರನೇ ವಯಸ್ಸಿನಲ್ಲಿ ಆ ತಲೆ ಕೈಕೊಟ್ಟಿತು, ನೆನಪು ಅಳಿಸತೊಡಗಿತು. ಹೆಂಡತಿ ಒಡಿಲ್ ಮತ್ತು ಮಗಳು ಕ್ಲೊಟಿಲ್ಡ್‌ಳನ್ನು ಬಿಟ್ಟರೆ ಯಾರಿಗೂ ಅದು ತಿಳಿಯಲಿಲ್ಲ. ಕೆಫೆಯಲ್ಲಿ ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಬಿಯರ್ ಕೊಡಿಸಿ, ಅವನ ಆಟವನ್ನು ಅವನಿಗೇ ವರ್ಣಿಸುತ್ತಿದ್ದರು. ಅವನು ನಕ್ಕರೆ ಸಾಕಿತ್ತು.

ಆ ನವೆಂಬರಿನಲ್ಲಿ ಕ್ಲಬ್ಬಿನವರು ಅವನನ್ನು ಗೌರವದ ಮೊದಲ ಒದೆತಕ್ಕೆ ಕರೆದರು. ಹಳೆಯ ಆಟಗಾರ ಚೆಂಡನ್ನೊಮ್ಮೆ ಒದ್ದು, ಜನರತ್ತ ಕೈ ಬೀಸಿ ಹೊರಬರುತ್ತಾನೆ. ನಿಜವಾದ ಆಟ ಆಮೇಲೆ ಶುರುವಾಗುತ್ತದೆ.

"ಬೇಡ ಅಂತ ಹೇಳು, ಅಮ್ಮ. ಎಲ್ಲರ ಎದುರಿಗೆ ಏನಾದ್ರೂ ಆದ್ರೆ?" ಎಂದಳು ಕ್ಲೊಟಿಲ್ಡ್.

"ಒದ್ದು ಕೈ ಬೀಸೋದು. ಅಷ್ಟೂ ಆಗಲ್ವಾ ನಿಮ್ಮಪ್ಪಂಗೆ?"

"ಆಗ್ಲಿಲ್ಲ ಅಂದ್ರೆ ವೃದ್ಧಾಶ್ರಮಕ್ಕೆ ಸೇರಿಸೋಕೆ ಒಪ್ಕೋತೀಯಾ?"

ಒಡಿಲ್ ಚಿಕೋರಿ ಕಾಫಿ ಬಗ್ಗಿಸುತ್ತಾ ಹೇಳಿದಳು: "ಒಪ್ಕೋತೀನಿ. ಸರಿಯಾಗಿ ಮಾಡಿದ್ರೆ ನೀನು ಮತ್ತೆ ಆ ಮಾತೆತ್ತಬಾರ್ದು."

ಮೂರು ದಿನ ಹಿತ್ತಲಿನಲ್ಲಿ ಅಭ್ಯಾಸ ನಡೆಯಿತು. "ಒದಿ, ಕೈ ಬೀಸು, ನನ್ ಕಡೆ ನಡ್ಕೊಂಡ್ ಬಾ."

"ನಲವತ್ತು ವರ್ಷ ನನ್ ಸಾಕ್ಸ್ ಒಗೆದು ಈಗ ಕೋಚ್ ಆಗಿಬಿಟ್ಯಾ?" ಎಂದು ಅವನು ನಕ್ಕ. ಆ ನಗು ಕಂಡು ಒಡಿಲ್‌ಗೆ ಧೈರ್ಯ ಬಂತು.

ಭಾನುವಾರ ಗಿಸ್ಲೆನ್ ಚೆಂಡನ್ನು ಒದ್ದ. ಕೈ ಬೀಸಲಿಲ್ಲ. ಚೆಂಡಿನ ಹಿಂದೆಯೇ ಓಡುತ್ತಾ ಎಡಕ್ಕೆ ಬೆರಳು ತೋರಿಸಿ ಕೂಗಿದ: "ಬೋಲೆಕ್! ಓಡೋ, ಸೋಮಾರಿ!"

ಅವನ ಕಾಲದ ತಂಡದ ಜೊತೆಗಾರ ಬೋಲೆಕ್ ಸತ್ತು ಹನ್ನೊಂದು ವರ್ಷವಾಗಿತ್ತು. ಜನ ಅದನ್ನು ತಮಾಷೆ ಎಂದುಕೊಂಡು ಬಿದ್ದು ಬಿದ್ದು ನಕ್ಕರು.

"ಕ್ಯಾಪ್ಟನ್ ಇನ್ನೂ ರಿಟೈರ್ ಆಗಿಲ್ಲ ಕಣ್ರೋ!" ಎಂದು ಮೈದಾನದ ಬದಿಯಲ್ಲಿ ಆಲೂಗಡ್ಡೆ ಕರಿದು ಮಾರುವವನು ಕೂಗಿದ. ಎಲ್ಲರೂ ಗಿಸ್ಲೆನ್‌ನ ಹೆಸರು ಹಿಡಿದು ಹಾಡತೊಡಗಿದರು. ಮುದುಕನನ್ನು ಖುಷಿಪಡಿಸಲೆಂದು ಆಟಗಾರನೊಬ್ಬ ಚೆಂಡನ್ನು ಎತ್ತರಕ್ಕೆ ತೇಲಿಬಿಟ್ಟ. ಗಿಸ್ಲೆನ್ ಜಿಗಿದು ಹಣೆಯಿಂದ ಹೊಡೆದ. ಮಂಡಿಯೂರಿ ಬಿದ್ದ. ಚಪ್ಪಾಳೆ ಇನ್ನೂ ಜೋರಾಯಿತು.

ಒಡಿಲ್ ಗ್ಯಾಲರಿಯ ಮೆಟ್ಟಿಲಿಳಿದು ಮೈದಾನಕ್ಕೆ ಓಡಿದಳು. ಅವನಿಗೆ ತಿಳಿಯದೆಯೇ ಪ್ಯಾಂಟು ಒದ್ದೆಯಾಗಿತ್ತು. ತನ್ನ ಕೋಟು ಬಿಚ್ಚಿ ಅವನ ಸೊಂಟಕ್ಕೆ ಸುತ್ತಿದಳು.

"ಒಳಗೆ ಬರ್ಬಾರ್ದು ಮದಾಮ್, ಆಟ ನಡೀತಿದೆ," ಎಂದ ಅವನು ವಿನಯದಿಂದ.

"ಮುಗೀತು. ನೀವೇ ಗೆದ್ರಿ. ಬನ್ನಿ."

ಅಪರಿಚಿತಳ ಜೊತೆ ಹೋಗುವಂತೆ ಅವನು ಸಂಕೋಚದಿಂದ ಹೊರಟ. ಗೇಟಿನ ಬಳಿ ನಿಂತಿದ್ದ ಕ್ಲೊಟಿಲ್ಡ್ ಅಪ್ಪನ ತೋಳು ಹಿಡಿದುಕೊಂಡಳು.

"ಆಶ್ರಮಕ್ಕೆ ನಾಳೆ ನೀನೇ ಫೋನ್ ಮಾಡು. ನನ್ ಕೈಲಾಗಲ್ಲ," ಎಂದಳು ಒಡಿಲ್.

ಹಿಂದೆ ಜನ ಇನ್ನೂ ಹಾಡುತ್ತಲೇ ಇದ್ದರು.