ಮೊಳೆಯದ ಮೆಂತೆ

ಲೋಕಲ್ ರೈಲಿನಲ್ಲಿ ಇಪ್ಪತ್ತಾರು ವರ್ಷ ಓಡಾಡಿದ ನನಗೆ ಹಳಿಗಳ ಪಕ್ಕದ ಪಾಲಕ್ ಮಡಿಗಳು ಹೊಸವಲ್ಲ. ಅವುಗಳ ನಡುವೆ ಹರಿಯುವ ಗಟಾರದ ನೀರಿನ ಬಣ್ಣವೂ ಹೊಸತಲ್ಲ. ಆದರೂ ಕಳೆದ ಮಳೆಗಾಲದಲ್ಲಿ ನನ್ನ ಹೆಂಡತಿಗೆ ಕಾಮಾಲೆಯಾಗುವವರೆಗೆ, ಆ ಸೊಪ್ಪು ಯಾರ ತಟ್ಟೆಗೆ ಹೋಗುತ್ತದೆ ಎಂದು ನಾನು ಕೇಳಿಕೊಂಡಿರಲಿಲ್ಲ. ಕೇಳಿಕೊಂಡ ದಿನದಿಂದ ಅಂಧೇರಿಯ ನಮ್ಮ ಮನೆಯೊಳಗೆ ಪೇಟೆಯ ಒಂದು ಎಸಳು ಕೊತ್ತಂಬರಿಯನ್ನೂ ಬಿಟ್ಟುಕೊಳ್ಳಲಿಲ್ಲ.

ದೀಪಾವಳಿಯ ಹೊತ್ತಿಗೆ ಪರೇಲಿನ ವೈದ್ಯರು, ರೋಗ ಇಳಿದಿದೆ, ಇನ್ನು ಚೆನ್ನಾಗಿ ಉಣ್ಣಬೇಕು ಎಂದರು. ಅವಳು ಉಣ್ಣಲಿಲ್ಲ. ಮೂರು ಚಮಚ ಗಂಜಿ ಕುಡಿದು ತಟ್ಟೆ ಸರಿಸುತ್ತಿದ್ದಳು. ಕೈಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಒಂದು ಮಧ್ಯಾಹ್ನ ಗೋಡೆಯ ಕಡೆಗೆ ಹೊರಳಿ, “ಮೆಂತೆ ಸೊಪ್ಪಿನ ತಂಬುಳಿ ಇದ್ರೆ ಎರಡು ತುತ್ತು ಹೋಗ್ತಿತ್ತೋ ಎಂತದೋ” ಎಂದಳು. ಆ ತಿಂಗಳಲ್ಲಿ ಅವಳು ತಾನಾಗಿ ಬಯಸಿದ ತಿನಿಸು ಅದೊಂದೇ. ಪೇಟೆಯ ಸೊಪ್ಪನ್ನು ನಾನೇ ನಿಷೇಧಿಸಿದ್ದೆ. ಆದ್ದರಿಂದ ಬೆಳೆಯುವ ಹೊಣೆಯೂ ನನ್ನದಾಯಿತು.

ಕನ್ನಡ ಮಾಧ್ಯಮದ ತರಗತಿಗಳು ಮುಚ್ಚುವವರೆಗೆ ಪಾಠಟಿಪ್ಪಣಿಯಿಲ್ಲದೆ ಕರಿಹಲಗೆಯ ಮುಂದೆ ನಿಂತವನಲ್ಲ ನಾನು. ಇಲ್ಲಿಯೂ ಒಂದು ಕೋಷ್ಟಕ ಬರೆದೆ. ನಮ್ಮ ಹಾಲ್‌ನ ಕಿಟಕಿಗೆ ಬಿಸಿಲು ಬೀಳುವುದು ಬೆಳಿಗ್ಗೆ ಎಂಟರಿಂದ ಹತ್ತೂವರೆಯವರೆಗೆ. ಬಳಿಕ ಎದುರಿನ ಗಗನಚುಂಬಿ ಕಟ್ಟಡದ ನೆರಳು. ಅಷ್ಟು ಬೆಳಕಿನಲ್ಲಿ ಟೊಮೇಟೊ, ಬದನೆ, ಬೆಂಡೆ ಆಗಲಾರವು, ಅವನ್ನು ಹೊಡೆದುಹಾಕಿದೆ. ಪುದೀನಾಕ್ಕೆ ಬೀಜವೇ ಬೇಡ, ಕಡ್ಡಿ ನೀರಿನಲ್ಲಿಟ್ಟರೆ ಬೇರು ಬಿಡುತ್ತದೆ. ದೊಡ್ಡಪತ್ರೆಗೆ ಒಂದು ಗೆಣ್ಣು ಸಾಕು. ಬೆಳ್ಳುಳ್ಳಿಯ ಎಸಳನ್ನು ಲೋಟದಲ್ಲಿ ನಿಲ್ಲಿಸಿದರೂ ಹಸಿರು ಬರುತ್ತದೆ. ಕೊತ್ತಂಬರಿ ಬೀಜವನ್ನು ಎರಡಾಗಿ ಒಡೆದು ಬಿತ್ತಬೇಕು, ತಾಳ್ಮೆ ಬೇಕು. ಮೆಂತೆಯಾದರೋ ನಾಲ್ಕು ಬೆರಳು ಆಳದ ತಟ್ಟೆಯಲ್ಲಿ ಮೂರೇ ದಿನಕ್ಕೆ ಮೊಳೆಯುವ ಅತ್ಯಂತ ವಿಧೇಯ ಬೆಳೆ. ಅದಕ್ಕೆ ಪ್ರಥಮ ಸ್ಥಾನ ಕೊಟ್ಟೆ.

ಗ್ರಾಂಟ್ ರೋಡ್‌ನ ಬೀಜದಂಗಡಿಯವನು, “ಆರಾಮ್ ಸೇ ಉಗೇಗಾ ಸರ್, ಆಂಖ್ ಬಂದ್ ಕರ್ ಕೇ ಲೇ ಜಾವೋ” ಎಂದ. ಸಲೀಸಾಗಿ ಮೊಳೆಯುತ್ತದೆ, ಕಣ್ಣು ಮುಚ್ಚಿ ಒಯ್ಯಿರಿ ಎನ್ನುವವನ ಬಳಿ ನಾನು ಕಣ್ಣು ತೆರೆದೇ ನೋಡುತ್ತೇನೆ. ಪೊಟ್ಟಣದ ಮೇಲಿನ ತಾರೀಖಿನ ಮೇಲೆ ಇನ್ನೊಂದು ತಾರೀಖು ಅಂಟಿಸಿದ್ದರು. ಮಣ್ಣು, ತಟ್ಟೆಗಳನ್ನಷ್ಟೇ ಕೊಂಡು ಬಂದೆ. ಬೀಜವನ್ನು ನಮ್ಮದೇ ಅಡುಗೆಮನೆಯ ಡಬ್ಬಿಗಳಿಂದ ತೆಗೆದುಕೊಂಡೆ. ಮಲಗಿದ್ದವಳನ್ನು ಕೇಳುವ ಅಗತ್ಯ ಕಾಣಲಿಲ್ಲ.

ರಕ್ತಪರೀಕ್ಷೆಗೆಂದು ಪರೇಲಿಗೆ ಹೋಗುವ ದಿನಗಳಲ್ಲಿ ಕೀಲಿಕೈ ಎದುರು ಮನೆಯಲ್ಲಿರುತ್ತಿತ್ತು. ಅಲ್ಲಿದ್ದವರು ಧಾರವಾಡ ಕಡೆಯ ಗೃಹಿಣಿ. ನಮ್ಮ ಬಿಲ್ಡಿಂಗಿನಲ್ಲಿ ಹೆಂಡತಿಯೊಡನೆ ಕನ್ನಡದಲ್ಲಿ ಹರಟುತ್ತಿದ್ದವರು ಅವರೊಬ್ಬರೇ. ಗಿಡಗಳಿಗೆ ನೀರು ಹಾಕುವ ಕೆಲಸವನ್ನೂ ಅವರೇ ವಹಿಸಿಕೊಂಡರು.

ವಾರ ಕಳೆಯಿತು. ಪುದೀನಾ ಚಿಗುರಿತು, ದೊಡ್ಡಪತ್ರೆ ನಿಂತಿತು. ಮೆಂತೆ ಮೊಳೆಯಲಿಲ್ಲ, ಕೊತ್ತಂಬರಿಯೂ ಮೊಳೆಯಲಿಲ್ಲ. ಮಣ್ಣು ಕೆದಕಿದರೆ ಬೀಜಗಳು ಉಬ್ಬಿ ಕೊಳೆತಿದ್ದವು. ನೀರು ಹೆಚ್ಚಾಗಿದೆ ಎಂದು ತೀರ್ಮಾನಿಸಿದೆ. ಹೆಚ್ಚು ಮಾಡಿದವರು ಯಾರೆಂಬುದನ್ನೂ ತೀರ್ಮಾನಿಸಿದೆ. ಮತ್ತೆ ಬಿತ್ತಿ, ತುಂಬಿಟ್ಟ ನೀರಿನ ಮಗ್ಗಿನ ಮೇಲೆ, ನೀರು ಇಳಿಯಬಹುದಾದ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು ಪರೇಲಿಗೆ ಹೋದೆ. ಮರಳಿ ಬಂದಾಗ ನೀರು ಗೆರೆಗಿಂತ ಎರಡು ಬೆರಳು ಕೆಳಗಿತ್ತು. ಬಾಗಿಲಲ್ಲಿ ಕೀಲಿಕೈ ಕೊಡಲು ನಿಂತಿದ್ದವರಿಗೆ, “ಇನ್ನು ಮುಂದೆ ತಾವು ಶ್ರಮಪಡುವುದು ಬೇಡ” ಎಂದೆ.

ಅವರು ಮಗ್ಗನ್ನು ನೋಡಿದರು, ಗೆರೆಯನ್ನೂ ನೋಡಿದರು.

“ಅಯ್ಯ ಸರ, ನನ್ನ ಮ್ಯಾಲೆ ಪಹರೆ ಹಾಕೀರೇನು? ನಾ ಏನ್ ನಿಮ್ಮ ಮೆಂತೆ ಕದ್ದು ಒಗ್ಗರಣಿ ಹಾಕ್ತೀನೇನ್ರಿ?”

ಆಮೇಲೆ ಒಂಬತ್ತು ದಿನ ಅವರು ಬರಲಿಲ್ಲ. ಹರಟೆಯೂ ನಿಂತದ್ದರಿಂದ ಹೆಂಡತಿಯ ಮೂರು ಚಮಚ ಎರಡಾಯಿತು. ನಾನೊಬ್ಬನೇ ಅಳೆದು ನೀರು ಹಾಕಿದ ಮೂರನೆಯ ಬಿತ್ತನೆಯೂ ಕೊಳೆಯಿತು. ಈಗ ನೀರನ್ನು ದೂರುವಂತಿರಲಿಲ್ಲ. ಅದೇ ಮಣ್ಣಿನಲ್ಲಿ ಪುದೀನಾ ಬೆಳೆದದ್ದರಿಂದ ಮಣ್ಣನ್ನೂ ದೂರುವಂತಿರಲಿಲ್ಲ. ಹತ್ತನೆಯ ದಿನ ಮೆಂತೆಯ ಡಬ್ಬಿಯನ್ನು ಹಿಡಿದುಕೊಂಡೇ ಎದುರು ಮನೆಯ ಬೆಲ್ ಒತ್ತಿದೆ.

ಅವರು ಒಂದು ಮೆಂತೆಕಾಳನ್ನು ಹಲ್ಲಿಗಿಟ್ಟು ಕಡಿದರು. ಅದು ಪಟ್ಟೆಂದು ಪುಡಿಯಾಯಿತು.

“ಇದು ಹುರದದ್ದು ಐತಲ್ರೀ ಸರ! ಹುರದ ಕಾಳು ಬಿತ್ತಿ, ನೀರು ಹಾಕಿದಾಕಿನ್ನ ಹಿಡದ್ರಿ?”

ನಾನು ನಂಬಲಿಲ್ಲ. ತಪ್ಪಿನಿಂದ ಜಾರಿಕೊಳ್ಳಲು ಹೂಡಿದ ಉಪಾಯವೆಂದೇ ಎಣಿಸಿ, ಸಾಕ್ಷಿಗಾಗಿ ಅವರನ್ನು ನೇರ ಹೆಂಡತಿಯ ಮಂಚದ ಬಳಿಗೆ ಕರೆದೊಯ್ದು ಡಬ್ಬಿ ತೋರಿಸಿದೆ.

“ಹೌದು, ನಾನೇ ಹುರಿದಿಟ್ಟದ್ದು. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಮೆಂತೆ, ಕೊತ್ತಂಬರಿ, ಜೀರಿಗೆ ಎಲ್ಲ ಹುರಿದೇ ಇಡುದಲ್ವಾ, ಬೂಸು ಹಿಡೀಬಾರ್ದು ಅಂತ. ನೀವು ಇದನ್ನು ಬಿತ್ತಿದ್ದಾ? ಅಂಗಡಿಯಿಂದ ತಂದದ್ದಲ್ವಾ ಮಾರಾಯ್ರೆ?”

ಇಪ್ಪತ್ತೆಂಟು ವರ್ಷಗಳಿಂದ ಆ ಡಬ್ಬಿಗಳ ಊಟ ಉಂಡವನು ನಾನು. ಬಾಣಲೆಯ ಆ ಕೆಲಸವನ್ನು ಒಮ್ಮೆಯೂ ಗಮನಿಸಿರಲಿಲ್ಲ. ಹೆಂಗಸರಿಬ್ಬರೂ ನಗತೊಡಗಿದರು, ಹೆಂಡತಿಗೆ ನಗು ಕೆಮ್ಮಾಗಿ, ಎದುರು ಮನೆಯವರು ಬೆನ್ನು ತಟ್ಟಬೇಕಾಯಿತು. ತಪ್ಪಾಯಿತು ಎಂದು ನಾನು ಹೇಳಿದ ವಾಕ್ಯ ಅವರಿಗೆ ಕೇಳಿಸಿತೋ ಇಲ್ಲವೋ ತಿಳಿಯದೆ, ಇನ್ನೊಮ್ಮೆ ಹೇಳಿದೆ.

“ಸಾಕ್ ಬಿಡ್ರಿ, ಶಾಲಿ ಹುಡುಗ್ರಂಗ ಎರಡೆರಡು ಸಲ ಒಪ್ಪಿಸಬ್ಯಾಡ್ರಿ” ಎಂದು ಅವರು ತಮ್ಮ ಊರಿನಿಂದ ತಂದಿದ್ದ ಹಸಿ ಮೆಂತೆಕಾಳನ್ನು ಒಂದು ಬಟ್ಟಲು ಕೊಟ್ಟರು. ಅದನ್ನು ರಾತ್ರಿಯಿಡೀ ನೆನೆಸಿ ಬಿತ್ತಿದೆ. ಮೂರನೆಯ ಬೆಳಿಗ್ಗೆ ಮಣ್ಣು ಬಿರುಕು ಬಿಟ್ಟಿತ್ತು.

ಎರಡು ವಾರಕ್ಕೆ ಕತ್ತರಿಯಲ್ಲಿ ಕೊಯ್ದಾಗ ಸಿಕ್ಕಿದ್ದು ಒಂದೇ ಹಿಡಿ. ಹೆಂಡತಿ ಮಲಗಿದಲ್ಲಿಂದಲೇ ಹೇಳಿದಂತೆ ಬಾಡಿಸಿ, ತೆಂಗಿನಕಾಯಿಯೊಡನೆ ಅರೆದು, ಮಜ್ಜಿಗೆ ಬೆರೆಸಿ ಕೊಟ್ಟೆ. ಅವಳು ಎದ್ದು ಕುಳಿತು ಗಂಜಿಗೆ ಕಲಸಿಕೊಂಡಳು. ನನ್ನ ಮನಸ್ಸು ನೋಯದಿರಲೆಂದು ಉಣ್ಣುತ್ತಿರಬಹುದೆಂಬ ಸಂಶಯದಿಂದ, ಬಾಗಿಲ ಬಳಿ ನಿಂತು ಒಂದೊಂದು ತುತ್ತನ್ನೂ ಗಮನಿಸುತ್ತಿದ್ದೆ.

“ಸರ, ಹೊರಗ ಬರ್ರಿ. ಪರೀಕ್ಷಾ ಹಾಲ್‌ನ್ಯಾಗ ನಿಂತಂಗ ನಿಂತ್ರ ಯಾರಿಗೆ ಗಂಟಲಾಗ ಇಳೀತೈತಿ?” ಎಂದು, ತಂಬುಳಿ ಹೇಗಾಯಿತೆಂದು ನೋಡಲು ಬಂದಿದ್ದ ಎದುರು ಮನೆಯವರು ಗದರಿದರು. ಹೊರಗೆ ಹೋಗಿ ಸೋಫಾದಲ್ಲಿ ಕುಳಿತೆ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಹೆಂಡತಿ ಕೂಗಿದಳು: “ಗಂಜಿ ಇನ್ನೂ ಉಂಟಾ?”

ಗಂಜಿ ಇತ್ತು, ತಂಬುಳಿ ಮುಗಿದಿತ್ತು. ಹಾಗೆಂದು ಹೇಳಿದೆ.

“ಬರೀ ಉಪ್ಪು ಹಾಕಿ ಕೊಡಿ, ಸಾಕು” ಎಂದಳು.