ನಾನು ಬಡಿಸಿದ ಅಂಜಲ್

ಎರಡು ವರ್ಷದ ಹಿಂದಿನ ಮಾತು. ಮಳೆಗಾಲದ ರಜೆ ಮುಗಿಸಿ ಗಂಗೊಳ್ಳಿಯ ದೋಣಿಗಳು ಮತ್ತೆ ಕಡಲಿಗಿಳಿದು ಒಂದು ತಿಂಗಳಾಗಿತ್ತು. ನಾನು ಮುಂಬೈ ಬಿಟ್ಟು ಊರಿಗೆ ಬಂದು ನಾಲ್ಕು ತಿಂಗಳಾಗಿತ್ತು.

ಇಪ್ಪತ್ತು ವರ್ಷ ನಾನು ಅಂಧೇರಿಯ ಒಂದು ಹೋಟೆಲಿನಲ್ಲಿ ಅಡುಗೆಯವನಾಗಿದ್ದೆ. ಧಣಿಗಳಿಗೆ ವಯಸ್ಸಾಯಿತು, ಅವರ ಮಕ್ಕಳು ಜಾಗ ಮಾರಿದರು, ಹೋಟೆಲು ಮುಚ್ಚಿತು. ಬೇರೆ ಎರಡು ಕಡೆ ಕೇಳಿದೆ. ನಲವತ್ತೆಂಟು ವರ್ಷದವನು ಅವರಿಗೆ ಬೇಕಿರಲಿಲ್ಲ. ಚೀಲ ಕಟ್ಟಿಕೊಂಡು ಗುಲ್ವಾಡಿಯ ಮನೆಗೆ ಬಂದೆ.

ಮನೆಯಲ್ಲಿ ಇದ್ದದ್ದು ಹೆಂಡತಿ ಜಲಜ ಒಬ್ಬಳೇ. ಮಗಳು ಮಂಗಳೂರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಜಲಜ ಕುಂದಾಪುರದ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸದಲ್ಲಿದ್ದಳು. ಬೆಳಿಗ್ಗೆ ಬಸ್ಸಿಗೆ ಹೋದರೆ ಮನೆ ಮುಟ್ಟುವಾಗ ಸಂಜೆ ಏಳೂವರೆ. ನಮಗೆ ಮದುವೆಯಾಗಿ ಇಪ್ಪತ್ತು ವರ್ಷವಾಗಿದ್ದರೂ ವರ್ಷಕ್ಕೆ ಎರಡು ಸಲ, ಹದಿನೈದು ದಿನದ ರಜೆಗೆ ನಾನು ಬಂದು ಹೋಗುತ್ತಿದ್ದವನು. ಎಲ್ಲ ಸೇರಿಸಿದರೆ ನಾವಿಬ್ಬರೂ ಒಂದೇ ಮಾಡಿನಡಿ ಇದ್ದದ್ದು ಎರಡು ವರ್ಷವೂ ಆಗಲಿಕ್ಕಿಲ್ಲ.

ಬಂದ ಹೊಸತರಲ್ಲಿ ನಾನು ಮನೆಯಿಂದ ಹೊರಗೆ ಹೋಗುತ್ತಿರಲಿಲ್ಲ. ಪೇಟೆಯಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ ಪ್ರಶ್ನೆ, "ಮತ್ತೆ ಏಗ್ಳಿಕ್ ಹೋಪ್ದ್?" ಇನ್ನು ಮುಂಬೈಗೆ ಹೋಗುವುದಿಲ್ಲ ಎಂದು ಹೇಳಲು ನಾಲಿಗೆ ಏಳುತ್ತಿರಲಿಲ್ಲ. ಜಗಲಿಯಲ್ಲಿ ಕುಳಿತು ಹೊಳೆ ನೋಡುತ್ತಾ ದಿನ ಕಳೆಯುತ್ತಿದ್ದೆ. ಜಲಜ ಬಂದ ಮೇಲೆ ಅವಳೇ ಒಲೆ ಹೊತ್ತಿಸಬೇಕು. ಹೋಟೆಲಿನಲ್ಲಿ ಸಾವಿರ ಜನರಿಗೆ ಬೇಯಿಸಿದವನು ಮನೆಯಲ್ಲಿ ಅತಿಥಿಯ ಹಾಗೆ ಇದ್ದೆ. ನಾನು ಎದ್ದರೂ ಅವಳು ಬಿಡುತ್ತಿರಲಿಲ್ಲ. "ನೀವ್ ಕೂಕಣಿ" ಎಂದು ಕೂರಿಸುತ್ತಿದ್ದಳು.

ಒಂದು ಸಂಜೆ ನೀರು ಕುಡಿಯಲು ಅಡುಗೆಮನೆಗೆ ಹೋದೆ. ಜಲಜ ಗೋಡೆಗೆ ಒರಗಿ, ಒಂದು ಕಾಲನ್ನು ಇನ್ನೊಂದು ಕಾಲಿನ ಮೇಲಿಟ್ಟು ಈರುಳ್ಳಿ ಹೆಚ್ಚುತ್ತಿದ್ದಳು. ದಿನವಿಡೀ ನಿಂತ ಕಾಲು. ನಾನೂ ನಿಂತು ದುಡಿದವನೇ, ಆ ನೋವು ಏನೆಂದು ಗೊತ್ತು. ಒಂದು ಲೋಟ ನೀರು ಕುಡಿದು ಹೊರಗೆ ಬಂದೆ.

ಮರುದಿನ ನಾಲ್ಕು ಗಂಟೆಗೆ ಚೀಲ ಹಿಡಿದು ಹೊರಟೆ. ಬಸ್ ನಿಲ್ಲುವಲ್ಲಿ ಗಂಗೊಳ್ಳಿಯ ಸೀತಕ್ಕ ಮೀನು ಹಾಕಿಕೊಂಡು ಕೂರುತ್ತಾರೆ. ಅಂದು ಒಳ್ಳೆಯ ಅಂಜಲ್ ಬಂದಿತ್ತು, ನಮ್ಮಲ್ಲಿ ಅದು ದುಬಾರಿ ಮೀನು. ಬೆರಳಿನಷ್ಟು ದಪ್ಪದ ಎರಡು ತುಂಡು ಕೊಯ್ಯಲು ಹೇಳಿದೆ.

ಮುಂಬೈಯಲ್ಲಿ ನನ್ನ ಕೈಯಡುಗೆ ಎಂದು ಹೆಸರಾಗಿದ್ದದ್ದು ಅದೇ. ಅಲ್ಲಿಯವರು ಅದಕ್ಕೆ ಫಿಶ್ ಸ್ಟೀಕ್ ಅನ್ನುತ್ತಿದ್ದರು. ಒಂದೇ ಕಾವಲಿ ಸಾಕು. ಮೊದಲು ಬಟಾಟೆಯ ಬಿಲ್ಲೆಗಳನ್ನು ಎಣ್ಣೆಯಲ್ಲಿ ಹರಡಿ ಮುಚ್ಚಳ ಮುಚ್ಚಬೇಕು. ಅವು ಅರ್ಧ ಬೆಂದಾಗ ಕ್ಯಾರೆಟ್, ಬೀನ್ಸ್, ಕ್ಯಾಪ್ಸಿಕಮ್. ಆಮೇಲೆ ತರಕಾರಿಯನ್ನೆಲ್ಲ ಅಂಚಿಗೆ ಸರಿಸಿ, ನಡುವೆ ಮಾಡಿಕೊಂಡ ಜಾಗದಲ್ಲಿ ಉಪ್ಪು, ಕಾಳುಮೆಣಸು, ಬೆಳ್ಳುಳ್ಳಿ, ಲಿಂಬೆರಸ ಹಚ್ಚಿದ ಮೀನು ಇಡಬೇಕು. ಒಂದು ಮಗ್ಗುಲಿಗೆ ನಾಲ್ಕು ನಿಮಿಷ, ಇನ್ನೊಂದಕ್ಕೆ ಮೂರು. ಕೊನೆಗೆ ಒಂದು ತುಂಡು ಬೆಣ್ಣೆ. ಅರ್ಧ ಗಂಟೆಯೊಳಗೆ ಊಟ ತಯಾರು, ತೊಳೆಯಲು ಒಂದೇ ಪಾತ್ರೆ.

ಜಲಜ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಕಾವಲಿ ಚುರುಗುಟ್ಟುತ್ತಿತ್ತು. "ಎಂತ ಮಾಡ್ತಿದ್ರಿ?" ಎಂದು ಬಂದವಳು ಒಲೆಯ ಕಡೆ ನೋಡಿ ಅಲ್ಲೇ ನಿಂತಳು. ನಾನು ತಟ್ಟೆಗೆ ಬಡಿಸಿ ಅವಳ ಕೈಗೆ ಕೊಟ್ಟೆ. ಒಂದು ಗಳಿಗೆ ತಟ್ಟೆಯನ್ನೇ ನೋಡಿದಳು. "ಕೈಕಾಲ್ ತೊಳ್ದ್ ಬತ್ತೆ" ಎಂದು ಒಳಗೆ ಹೋದಳು. ಲೋಟದ ಸದ್ದು ಕೇಳಿತು. ಬಂದು ಕುಳಿತು ಪೂರ್ತಿ ಉಂಡಳು.

"ಹ್ಯಾಂಗ್ ಇತ್ತ್?" ಎಂದೆ.

"ಲಾಯ್ಕ್ ಇತ್ತ್" ಎಂದಳು.

ಅಂದು ರಾತ್ರಿ ಎಷ್ಟೋ ದಿನಗಳ ಮೇಲೆ ನನಗೆ ಒಳ್ಳೆಯ ನಿದ್ದೆ ಬಂತು.

ಆಮೇಲೆ ಅದೇ ನನ್ನ ಕೆಲಸವಾಯಿತು. ಸೋಮವಾರ, ಶನಿವಾರ ನಮ್ಮಲ್ಲಿ ಮೀನಿಲ್ಲ. ಉಳಿದ ದಿನಗಳಲ್ಲಿ, ಅಂಜಲ್ ಸಿಕ್ಕಿದ ದಿನವೆಲ್ಲ ಅದೇ ಕಾವಲಿ, ಅದೇ ಅಡುಗೆ. ತರಕಾರಿ ಮಾತ್ರ ಬದಲಾಗುತ್ತಿತ್ತು. ನಾನು ಗಡ್ಡ ಹೆರೆಯಲು ಶುರುಮಾಡಿದೆ. ಪೇಟೆಯಲ್ಲಿ ನಾಲ್ಕು ಜನರ ಹತ್ತಿರ ನಿಂತು ಮಾತಾಡಿದೆ. ಜಲಜ ಪ್ರತಿದಿನ ಬಂದು ಒಳಗೆ ಹೋಗಿ, ನೀರು ಕುಡಿದು, ಕುಳಿತು ಉಣ್ಣುತ್ತಿದ್ದಳು. ಒಮ್ಮೆ ಅವಳು ಮಾತ್ರೆ ನುಂಗುವುದು ಕಂಡಿತು. ಕೇಳಿದ್ದಕ್ಕೆ, "ಗ್ಯಾಸಿಂದ್" ಎಂದಳು. ಹೊತ್ತಲ್ಲದ ಹೊತ್ತಿಗೆ ಉಣ್ಣುವವರಿಗೆ ಅದು ಇದ್ದದ್ದೇ ಎಂದುಕೊಂಡೆ.

ಸೀತಕ್ಕ ಒಂದು ದಿನ ಮೀನು ಕೊಯ್ಯುತ್ತಾ ಕೇಳಿದರು, "ಹ್ವಾಯ್, ಈ ಅಂಜಲ್ ಎಲ್ಲ ಯಾರ್ ತಿಂಬುದ್? ಜಲಜಕ್ಕ ನನ್ನತ್ರ ಅಂಜಲ್ ತಕಂಡದ್ದ್ ನಾ ಕಂಡದ್ದೇ ಇಲ್ಲ. ಅವ್ರ್ ಬಂದ್ರೆ ನಂಗ್, ಹೆಚ್ಚಂದ್ರೆ ಬೈಗೆ."

ನಂಗ್, ಬೈಗೆ ಎಂದರೆ ನಮ್ಮಲ್ಲಿ ಕಡಿಮೆ ಬೆಲೆಯ ಸಣ್ಣ ಮೀನು. ನಾನು ಕಳಿಸಿದ್ದರಲ್ಲಿ ಉಳಿಸಲಿಕ್ಕಾಗಿ ಇಷ್ಟು ವರ್ಷ ಇವಳು ಒಂದು ಒಳ್ಳೆಯ ಮೀನು ತಿಂದಿಲ್ಲ ಎಂದುಕೊಂಡೆ. "ಇನ್ನೊಂದ್ ತುಂಡ್ ಹಾಕಿ" ಎಂದೆ. ಆ ಸಂಜೆ ಎರಡು ತುಂಡನ್ನು ಅವಳ ತಟ್ಟೆಗೆ ಹಾಕಿದೆ. ಅವಳು ಎರಡನ್ನೂ ತಿಂದಳು.

ಹೀಗೆ ಆರೇಳು ವಾರ ಹೋಯಿತು. ಅದೊಂದು ಗುರುವಾರ ಬಸ್ಸು ತಡವಾಗಿ ಜಲಜ ಓಡಿಕೊಂಡೇ ಬಂದಳು. ತುಂಬ ಹಸಿದಿದ್ದಳು. ಒಳಗೆ ಹೋಗಿ ತನ್ನ ಕೈಚೀಲದಲ್ಲಿ ಏನೋ ಹುಡುಕಿದ್ದು ಕೇಳಿತು. "ಎಂತ ಹುಡುಕ್ತೆ? ತಣ್ದ್ ಹೋತ್ತ್, ಬಾ" ಎಂದು ನಾನೇ ಕರೆದೆ. ಬಂದಳು, ಉಂಡಳು.

ತಟ್ಟೆ ತೊಳೆದಿಟ್ಟು ತಿರುಗಿದಾಗ ಅವಳು ಕುತ್ತಿಗೆ ಕೆರೆದುಕೊಳ್ಳುತ್ತಿದ್ದಳು. ಮುಖ ಕೆಂಪಾಗಿತ್ತು. ಏನೋ ಹೇಳಹೋದಳು, ಸ್ವರ ಒಡೆದು ಬಂತು. ಗಂಟಲು ಹಿಡಿದುಕೊಂಡಳು. ನಾನು ಮುಳ್ಳು ಸಿಕ್ಕಿತು ಎಂದೇ ತಿಳಿದೆ. ಅನ್ನದ ಉಂಡೆ ಕಟ್ಟಿ, "ಅಗಿಬೇಡ, ಹಾಂಗೇ ನುಂಗ್" ಎಂದು ಬಾಯಿಗೆ ಹಿಡಿದೆ. ಅವಳು ತಲೆ ಅಲ್ಲಾಡಿಸಿದಳು. ನಾನು ಬೆನ್ನಿಗೆ ಗುದ್ದಿದೆ. ನೋಡುತ್ತಿದ್ದ ಹಾಗೆಯೇ ತುಟಿ ಊದಿತು, ಕಣ್ಣಿನ ರೆಪ್ಪೆ ಊದಿತು. ಉಸಿರಿಗೆ ಶಿಳ್ಳೆಯ ಸದ್ದು ಬರತೊಡಗಿತು. ಮುಳ್ಳಿಗೆ ಕಣ್ಣು ಊದುವುದಿಲ್ಲ ಎಂದು ಆಗ ಹೊಳೆಯಿತು.

ಅವಳನ್ನು ಹಿಡಿದುಕೊಂಡು ರಸ್ತೆಗೆ ಬಂದೆ. ಪರಿಚಯದ ರಿಕ್ಷಾದವನು ಫೋನ್ ಎತ್ತಲಿಲ್ಲ. ದೂರದಲ್ಲಿ ಒಂದು ಟೆಂಪೊದ ಬೆಳಕು ಕಂಡಿತು. ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿದೆ. ಮಂಜುಗಡ್ಡೆ ತುಂಬಿದ ಗಾಡಿ, ಹಿಂದಿನಿಂದ ನೀರು ಸೋರುತ್ತಿತ್ತು. ಡ್ರೈವರು ನನ್ನದೇ ಪ್ರಾಯದವರು. ಜಲಜಳ ಮುಖ ನೋಡಿದ್ದೇ ಬಾಗಿಲು ತೆರೆದರು.

"ಹತ್ತಿ, ಹತ್ತಿ. ಅವ್ರನ್ನ ನೆಟ್ಟಗೆ ಕೂರ್ಸಿ. ಮಲಗ್ಸ್ಬೇಡಿ."

ಕುಂದಾಪುರ ಮುಟ್ಟುವ ತನಕ ಅವರು ಹಾರ್ನಿನಿಂದ ಕೈ ತೆಗೆಯಲಿಲ್ಲ. "ಮಾತಾಡ್ಸ್ತಾ ಇರಿ" ಎಂದು ಎರಡು ಸಲ ಹೇಳಿದರು. ನನಗೆ ಅವಳ ಹತ್ತಿರ ಏನು ಮಾತಾಡಬೇಕೆಂದೇ ತೋಚಲಿಲ್ಲ. "ಜಲಜ, ಜಲಜ" ಎಂದು ಹೆಸರು ಮಾತ್ರ ಹೇಳುತ್ತಾ ಹೋದೆ. ಅವಳು ನನ್ನ ಅಂಗಿಯ ತೋಳನ್ನು ಬಿಗಿಯಾಗಿ ಹಿಡಿದಿದ್ದಳು.

ಆಸ್ಪತ್ರೆಯಲ್ಲಿ ಒಬ್ಬರು ಚಿಕ್ಕ ಪ್ರಾಯದ ಡಾಕ್ಟರಮ್ಮ ಇದ್ದರು. ನೋಡಿದ ಕೂಡಲೇ ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟು, ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿಸಿದರು. ಸ್ವಲ್ಪ ಹೊತ್ತಿನಲ್ಲಿ ಶಿಳ್ಳೆಯ ಸದ್ದು ಕಡಿಮೆಯಾಯಿತು. ಆಗ ನನ್ನ ಕಡೆ ತಿರುಗಿದರು.

"ಏನು ತಿಂದಿದ್ದರು?"

"ಅಂಜಲ್" ಎಂದೆ.

"ಮೊದಲು ಯಾವಾಗಲಾದರೂ ಅಂಜಲ್ ತಿಂದು ಹೀಗೆ ಆಗಿತ್ತಾ?"

"ಇಲ್ಲ" ಎಂದೆ ನಾನು ಧೈರ್ಯವಾಗಿ. "ದಿನಾ ತಿಂತ್ಲ್. ಏನೂ ಆಯ್ಲಿಲ್ಲ."

ಮಂಚದಿಂದ ಒಂದು ಕೈ ಮೇಲೆದ್ದಿತು. ಜಲಜ ಮುಖದ ಮೇಲಿದ್ದ ಮಾಸ್ಕನ್ನು ಸ್ವಲ್ಪ ಸರಿಸಿ, ಒಡೆದ ಸ್ವರದಲ್ಲಿ, "ಆಯ್ತಿತ್ತ್" ಎಂದಳು. "ಮಗ್ಳ್ ಹೊಟ್ಟೆಲಿ ಇಪ್ಪತಿಗೆ ಸುರು ಆದ್ದ್. ಮೈಯೆಲ್ಲ ದಡಿಕೆ ಎದ್ದ್ ತುರಿಕೆ. ಮತ್ತೆ ನಾ ಅಂಜಲ್ ಮುಟ್ಲಿಲ್ಲ."

"ಈಗ ದಿನಾ ತಿನ್ನುತ್ತೀರಿ ಅಂತ ಇವರು ಹೇಳುತ್ತಾರಲ್ಲ?"

"ಮಾತ್ರೆ ತಕಂಡ್ ತಿಂತಿದ್ದೆ. ತುರ್ಸುದಕ್ಕೆ ಕೊಡ್ತ್ರಲೆ, ಅದ್. ಇವತ್ತ್ ಮುಗ್ದ್ ಹೋಯಿತ್ತ್."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ನಿಮಗೆ ಗೊತ್ತಿರಲಿಲ್ಲವಾ? ಮದುವೆಯಾಗಿ ಎಷ್ಟು ವರ್ಷ ಆಯಿತು?"

"ಇಪ್ಪತ್ತು" ಎಂದೆ.

ಅವರು ಮತ್ತೆ ಏನೂ ಕೇಳಲಿಲ್ಲ. ಪಕ್ಕದಲ್ಲಿದ್ದ ನರ್ಸು ತಲೆ ತಗ್ಗಿಸಿ ಬಾಟಲಿ ಸರಿಮಾಡಿದಳು. ಜೀವನದಲ್ಲಿ ಮಾಲೀಕರಿಂದ, ಗಿರಾಕಿಗಳಿಂದ ನಾನು ಬೈಗುಳ ಕೇಳಿದ್ದು ಕಡಿಮೆಯಲ್ಲ. ಆದರೆ ಆ ಡಾಕ್ಟರಮ್ಮ ಸುಮ್ಮನಾದಾಗ ಆದಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಹೊರಗೆ ಬಂದು ನೋಡಿದೆ. ಟೆಂಪೊದವರು ಇನ್ನೂ ನಿಂತಿದ್ದರು. ಹುಷಾರಿದ್ದಾಳೆ ಎಂದೆ. "ಅಷ್ಟಾದ್ರೆ ಸಾಕ್. ನಾ ಹೊರಡ್ತೆ, ಮಂಜು ನೀರಾತ್ತ್" ಎಂದು ಹೊರಟರು. ಹೆಸರು ಕೇಳುವುದೂ ನನಗೆ ನೆನಪಾಗಲಿಲ್ಲ.

ಬೆಳಿಗ್ಗೆ ಮಗಳಿಗೆ ಫೋನ್ ಮಾಡಿದೆ. ಅವಳು ಅತ್ತಳು, ಆಮೇಲೆ ಕೇಳಿದಳು, "ಅಮ್ಮಂಗೆ ಅಂಜಲ್ ಆತಿಲ್ಲ ಅಂದ್ ನಿಮ್ಗೆ ಗೊತ್ತಿಲ್ಯಾ ಅಪ್ಪ?" ಸೀತಕ್ಕನ ಪ್ರಶ್ನೆಯೂ ಆಗ ಅರ್ಥವಾಯಿತು. ಅವರು ಕೇಳಿದ್ದನ್ನು ನಾನು ನನಗೆ ಬೇಕಾದ ಹಾಗೆ ತಿಳಿದುಕೊಂಡು ಇನ್ನೊಂದು ತುಂಡು ಕೊಯ್ಯಿಸಿದ್ದೆ.

ಮಧ್ಯಾಹ್ನ ಮನೆಗೆ ಬಂದೆವು. ಜಗಲಿಯಲ್ಲಿ ಅವಳನ್ನು ಕೂರಿಸಿ ಗಂಜಿ ಕೊಟ್ಟೆ. ಅಷ್ಟು ಹೊತ್ತು ತಡೆದುಕೊಂಡದ್ದು ಸಿಟ್ಟಾಗಿ ಹೊರಗೆ ಬಂತು.

"ಜೀವ ಹೋತಿತ್ತಲ್ದಾ? ಒಂದ್ ಮಾತ್ ಹೇಳುಕೆ ಎಂತ ಆಯ್ತಿತ್ತ್ ನಿಂಗೆ?"

ಅವಳು ಗಂಜಿಯನ್ನು ಚಮಚದಲ್ಲಿ ತಿರುಗಿಸುತ್ತಾ ಕುಳಿತಳು. ಆಮೇಲೆ ಮೆಲ್ಲಗೆ ಹೇಳಿದಳು, "ಬಂದ್ ನಾಲ್ಕ್ ತಿಂಗ್ಳ್ ನೀವ್ ಈ ಜಗಲಿ ಬಿಟ್ಟ್ ಇಳ್ದವ್ರಲ್ಲ. ನಂಗೆ ಅಂಗ್ಡಿಲಿ ನಿಂತ್ರೂ ಅದೇ ಹೆದ್ರಿಕೆ. ಆ ಕಾವಲಿ ಮುಂದೆ ನಿಂತ್ ಮೇಲೇ ನಿಮ್ ಮುಖ ಸಮ ಆದ್ದ್. ನಂಗೆ ಆತಿಲ್ಲ ಅಂದ್ರೆ ನೀವ್ ಮತ್ತೆ ಇಲ್ಲೇ ಬಂದ್ ಕೂಕಂತಿದ್ರಿ."

ನಾನು ಅವಳ ಪಕ್ಕದಲ್ಲಿ ಕುಳಿತೆ.

"ಮತ್ತೆ..." ಎಂದು ಚಮಚ ಕೆಳಗಿಟ್ಟಳು. "ಇಷ್ಟ್ ವರ್ಷ ನಾನೇ ಮಾಡಿ ನಾನೇ ಬಡ್ಸ್ಕಂಡ್ ಉಂಡದ್ದ್. ಬಿಸಿ ತಟ್ಟೆ ಯಾರಾರೂ ಕೈಗೆ ಕೊಟ್ರೆ ಬೇಡ ಹೇಳುಕೆ ಮನ್ಸ್ ಬರ್ಲಿಲ್ಲ."

ನಾನು ಎದ್ದು ಬಾವಿಯ ಕಟ್ಟೆಯ ಹತ್ತಿರ ಹೋಗಿ ಮುಖ ತೊಳೆದು ಬಂದೆ.

ಮುಂಬೈಯಲ್ಲಿದ್ದಷ್ಟು ಕಾಲ ಪ್ರತಿದಿನ ನಾನು ಅವಳಿಗೆ ಫೋನ್ ಮಾಡುತ್ತಿದ್ದೆ. ಒಂದು ದಿನವೂ ತಪ್ಪಿಸಿದವನಲ್ಲ. "ಊಟ ಆಯ್ತಾ?" ಎಂದು ಕೇಳುತ್ತಿದ್ದೆ, ಅವಳು "ಆಯ್ತ್" ಎನ್ನುತ್ತಿದ್ದಳು. ನನ್ನ ಕರ್ತವ್ಯ ಮುಗಿಯಿತು ಎಂದು ಮಲಗುತ್ತಿದ್ದೆ. ಏನು ಉಂಡೆ ಎಂದು ಒಮ್ಮೆಯೂ ಕೇಳಿದ್ದಿಲ್ಲ. ಹೋಟೆಲಿನಲ್ಲಿ ಮೂರನೇ ಟೇಬಲಿನ ಸೇಟ್‌ಜೀಗೆ ಬೆಳ್ಳುಳ್ಳಿ ಆಗುವುದಿಲ್ಲ, ಶುಕ್ರವಾರ ಬರುವ ಅಜ್ಜನಿಗೆ ಮೆಣಸು ಕಡಿಮೆ ಎಂಬುದೆಲ್ಲ ನನಗೆ ಬಾಯಿಪಾಠವಾಗಿತ್ತು. ಮನೆಯಲ್ಲಿದ್ದವಳದ್ದು ಗೊತ್ತಿರಲಿಲ್ಲ. ಅವಳಿಗೆ ಅನ್ನ ಹಾಕುತ್ತಿದ್ದೇನೆ ಎಂಬ ಹೆಮ್ಮೆಯಲ್ಲಿ ಅವಳಿಗೆ ಏನು ಹಿಡಿಸುತ್ತದೆ ಎಂಬ ಯೋಚನೆಯೇ ಬರಲಿಲ್ಲ.

ಎರಡು ವಾರ ಮನೆಯಲ್ಲಿ ಮೀನಿನ ಸುದ್ದಿಯೇ ಇರಲಿಲ್ಲ. ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, ಅಂಜಲನ್ನು ಇನ್ನು ಮನೆಯೊಳಗೇ ತರಬಾರದು ಎಂದೂ, ಯಾವ ಮೀನು ಆಗುತ್ತದೆ ಎಂದೂ ಚೀಟಿಯಲ್ಲಿ ಬರೆದುಕೊಟ್ಟ ಮೇಲೆ ಒಂದು ಮಂಗಳವಾರ ಸೀತಕ್ಕನ ಹತ್ತಿರ ಹೋದೆ. ವಿಷಯ ಊರಿಗೆಲ್ಲ ಗೊತ್ತಾಗಿತ್ತು. ಅವರೇ ಆರು ನಂಗ್ ತೆಗೆದು ಶುಚಿ ಮಾಡಿಕೊಟ್ಟರು. ಹಳೆಯದರಲ್ಲಿ ಅಂಜಲ್ ಬೆಂದಿತ್ತೆಂದು ಹೊಸ ಕಾವಲಿಯನ್ನೇ ತಂದೆ. ಅಂದು ಜಲಜ ಅಂಗಡಿಯಿಂದ ಬಂದವಳು ಅಡುಗೆಮನೆಯಲ್ಲೇ ಸ್ಟೂಲಿನ ಮೇಲೆ ಕುಳಿತಳು. ನಾನು ಕ್ಯಾಪ್ಸಿಕಮ್ ಹೆಚ್ಚಲು ತೆಗೆದೆ.

"ಅದ್ ನಂಗೆ ಸೇರುದಿಲ್ಲ" ಎಂದಳು.

ನಾನು ಕೆಳಗಿಟ್ಟೆ. "ಬೆಣ್ಣೆ?"

"ಅದೂ ಬೇಡ. ತೆಂಗಿನೆಣ್ಣೆ ಹಾಕಿ. ಬೀನ್ಸ್ ಬದ್ಲಿಗೆ ಅಲಸಂಡೆ ಆಯ್ಲಿ."

"ಮತ್ತೆಂತ ಇತ್ತ್? ಎಲ್ಲ ಒಂದೇ ಸಲ ಹೇಳಿ ಮುಗ್ಸ್" ಎಂದೆ.

"ಒಂದೇ ಸಲ ಮುಗುದಿಲ್ಲ" ಎಂದು ಅವಳು ನಕ್ಕಳು. "ಇಪ್ಪತ್ತ್ ವರ್ಷದ್ದ್ ಇತ್ತ್."

ನಿಜವಾಗಿಯೂ ಅದು ಇನ್ನೂ ಮುಗಿದಿಲ್ಲ. ಈಗ ನಾನು ಕುಂದಾಪುರದ ಒಂದು ಸಣ್ಣ ಹೋಟೆಲಿನಲ್ಲಿ ಮಧ್ಯಾಹ್ನದ ತನಕ ಕೆಲಸಕ್ಕೆ ಹೋಗುತ್ತೇನೆ. ಸಂಜೆಯ ಅಡುಗೆ ಈಗಲೂ ನನ್ನದೇ, ಒಂದೇ ಕಾವಲಿಯದ್ದೇ. ಏನು ಹಾಕಬೇಕೆಂದು ಬೆಳಿಗ್ಗೆ ಅವಳು ಬಸ್ಸಿಗೆ ಹೊರಡುವ ಮೊದಲೇ ಕೇಳುತ್ತೇನೆ. ಒಮ್ಮೊಮ್ಮೆ ಅವಳು ಉಪ್ಪು ಕಡಿಮೆಯಾಯಿತು ಎಂದು ಮುಖ ಸಿಂಡರಿಸುತ್ತಾಳೆ. ಆಗ ನನಗೆ ಎಷ್ಟು ಸಮಾಧಾನವಾಗುತ್ತದೆ ಎಂದು ಅವಳಿಗೆ ಹೇಳಿಲ್ಲ. ಹೋದ ವಾರ, ತಳ ಹಿಡಿದು ಕಪ್ಪಾದ ಬಟಾಟೆಯನ್ನು ನಾನು ಎಸೆಯಲು ಹೊರಟಿದ್ದೆ. ಜಲಜ ತಟ್ಟೆ ಮುಂದೆ ಹಿಡಿದಳು. ಅವಳಿಗೆ ಕರಕಲಾಗಿ ಗರಿಗರಿಯಾದದ್ದೇ ಇಷ್ಟವಂತೆ, ಚಿಕ್ಕಂದಿನಿಂದಲೂ.