ಜಲ್ಲಿ ಹೊಂಡದ ಶನಿವಾರಗಳು

ಓಪಲ್ ಟ್ಯಾಕೆಟ್ ಮನೆಗೆ ಶೆರಿಫ್‌ನ ಪೊಲೀಸು ಗಾಡಿ ಬರಬೇಕೆಂದರೆ ಏನಿಲ್ಲವೆಂದರೂ ನಲವತ್ತು ನಿಮಿಷ. ಒಕ್ಲಹೋಮದ ಆ ಬಯಲಿನಲ್ಲಿ ಅದೇನೂ ಹೆಚ್ಚಲ್ಲ, ಎಲ್ಲರ ಪಾಡೂ ಅದೇ. ಗಂಡ ಜೀನ್ ಎಣ್ಣೆಬಾವಿಯ ಕೆಲಸಕ್ಕೆಂದು ಹದಿನೈದು ದಿನ ಹೋದರೆ ಹದಿನೈದು ದಿನ ಮನೆಯಲ್ಲಿರುತ್ತಿದ್ದ. ಆಕೆ ಕೋಲ್ಟರ್ ಊರಿನ ಸುತ್ತಲ ಹೊಲಮನೆಗಳಿಗೆ ಕಾಗದ ಹಂಚುತ್ತಿದ್ದಳು.

ಎಪ್ಪತ್ತೊಂಬತ್ತರ ಒಂದು ಭಾನುವಾರ ಬೆಳಿಗ್ಗೆ ಯಾವನೋ ಹಿತ್ತಲ ಬಾಗಿಲಿಗೆ ಹಾರೆ ಹಾಕಿದ. ಓಪಲ್ ಬೀರುವಿನಿಂದ ಜೀನ್‌ನ ರಿವಾಲ್ವರ್ ತೆಗೆದಳು. ಗುಂಡುಗಳು ಬೇರೆ ಡಬ್ಬಿಯಲ್ಲಿದ್ದವು. ಅವಸರದಲ್ಲಿ ಡಬ್ಬಿ ಜಾರಿತು, ಗುಂಡುಗಳೆಲ್ಲ ಟಣಟಣ ಉರುಳಿ ಒಲೆಯ ಕೆಳಗೆ ಸೇರಿಕೊಂಡವು. ಆಕೆ ಮೇಜಿನ ಕೆಳಗೆ ಮುದುಡಿ ಕೂತಳು. ಬಂದವನು ಟೀವಿ ಹೊತ್ತುಕೊಂಡು ಹೋದ, ಆಕೆಯ ಕಡೆ ತಿರುಗಿಯೂ ನೋಡಲಿಲ್ಲ. ಟೀವಿ ಹೋದದ್ದಕ್ಕೆ ಓಪಲ್ ಅಳಲಿಲ್ಲ. ಕೈಯಲ್ಲಿ ಖಾಲಿ ಬಂದೂಕು ಹಿಡಿದು ಮೇಜಿನ ಕೆಳಗೆ ಕೂತಿದ್ದಕ್ಕೆ ವಾರವಿಡೀ ಅತ್ತಳು.

ಆಮೇಲೆ ಹಾರ್ಲನ್ ಬೀಸ್ಲಿಯ ಬಾಗಿಲು ತಟ್ಟಿದಳು. ಸೈನ್ಯದಲ್ಲಿ ಹುಡುಗರಿಗೆ ಗುರಿ ಕಲಿಸಿ ಬಂದು, ಊರಿನಲ್ಲಿ ಬಂದೂಕು ರಿಪೇರಿ ಮಾಡಿಕೊಂಡಿದ್ದ ಮುದುಕ ಅವನು.

"ಹಾರ್ಲನ್ ಅವರೇ, ನನಗೆ ಹೊಡೆಯೋದು ಕಲಿಸಿ."

"ಹೊಡೆಯೋದು ಆಮೇಲಮ್ಮ. ಮೊದಲು ಹಿಡಿಯೋದು ಕಲಿ. ಒಂದು ತಿಂಗಳು ಗುಂಡು ಕೇಳಬಾರದು."

ಒಂದು ತಿಂಗಳು ಖಾಲಿ ರಿವಾಲ್ವರಿನದೇ ಪಾಠ. ನಳಿಕೆಯ ಮೇಲೆ ಚಿಕ್ಕದೊಂದು ನಾಣ್ಯ ಇಟ್ಟು, ಅದು ಬೀಳದ ಹಾಗೆ ಬಂದೂಕಿನ ಕುದುರೆಯನ್ನು, ಅಂದರೆ ಟ್ರಿಗರನ್ನು, ಒತ್ತಬೇಕು. ಒಲೆಯ ಮೇಲೆ ಬೀನ್ಸ್ ಬೇಯುತ್ತಿದ್ದರೆ ಓಪಲ್ ಅಡುಗೆಮನೆಯ ಗೋಡೆಗೆ ಗುರಿಯಿಟ್ಟು ಟಕ್, ಟಕ್ ಎನ್ನಿಸುತ್ತಿದ್ದಳು. ಜೀನ್ ರಜೆಗೆ ಬಂದವನು ಬಾಗಿಲಲ್ಲೇ ನಿಂತು, "ಇದೇನೇ, ಬೀನ್ಸನ್ನ ಹೆದರಿಸಿ ಬೇಯಿಸ್ತಿದ್ದೀಯಾ?" ಎಂದು ನಕ್ಕ. ಆ ನಗು ಈಗಲೂ ಆಕೆಯ ಕಿವಿಯಲ್ಲಿದೆ. ಜೀನ್ ತೀರಿಹೋಗಿಯೇ ಹದಿನೆಂಟು ವರ್ಷವಾಯಿತು.

ಎಂಬತ್ತಾರರಲ್ಲಿ ಹಾರ್ಲನ್‌ನ ಕಣ್ಣು ಮಂದವಾದಾಗ ಊರಾಚೆಯ ಪಾಳು ಜಲ್ಲಿ ಹೊಂಡದಲ್ಲಿ ಅವನು ಹೆಂಗಸರಿಗೆ ಹೇಳಿಕೊಡುತ್ತಿದ್ದ ಪಾಠ ಓಪಲ್‌ಳ ಪಾಲಿಗೆ ಬಂತು. ಪ್ರತಿ ಶನಿವಾರ ಏಳೆಂಟು ಹೆಂಗಸರು ಬರುತ್ತಿದ್ದರು. ಶಾಲೆಯ ಅಡುಗೆಯವಳು, ಪಾದ್ರಿಯ ಹೆಂಡತಿ, ತಲೆಗೂದಲು ಕತ್ತರಿಸುವ ನಡೀನ್ ಕ್ರೌಚ್. ಮೂರು ಕಡೆ ಮಣ್ಣಿನ ದಿಬ್ಬ, ಮೇಲೆ ದೊಡ್ಡ ಆಕಾಶ. ಫ್ಲಾಸ್ಕಿನ ಕಾಫಿಗೂ ಸುಟ್ಟ ಮದ್ದಿನ ವಾಸನೆ ಹತ್ತಿಕೊಳ್ಳುತ್ತಿತ್ತು.

ಓಪಲ್‌ಳ ಪಾಠದಲ್ಲಿ ಗುಂಡು ಹೊಡೆಯುವುದು ಕೊನೆಗೆ. ಸೊಂಟದ ಚೀಲದಿಂದ ಪಿಸ್ತೂಲು ತೆಗೆ, ಎರಡು ಹೆಜ್ಜೆ ಪಕ್ಕಕ್ಕೆ ಸರಿ, ಗಂಟಲು ಬಿಟ್ಟು ಕೂಗು, ಎದುರಿನವನ ಕೈ ನೋಡು. ಅಲ್ಲಿಯವರೆಗೂ ಬೆರಳು ಕುದುರೆಯ ಹೊರಗೆ, ನೆಟ್ಟಗೆ. ಕೂಗುವುದೆಂದರೆ ಎಲ್ಲರಿಗೂ ನಾಚಿಕೆ.

"ಇದೇನ್ರೀ ಪಾದ್ರಿಯಮ್ಮ, ಪ್ರಾರ್ಥನೆ ಮಾಡ್ತಿದ್ದೀರಾ? ದನ ಹೊಲಕ್ಕೆ ನುಗ್ಗಿದ್ರೆ ಹೇಗೆ ಕೂಗ್ತೀರಿ, ಹಾಗೆ ಕೂಗಿ!"

ರಟ್ಟಿನ ಗುರಿಗಳಿಗೆ ಆಕೆಯೇ ಚಿತ್ರ ಬರೆದು ಅಂಟಿಸುತ್ತಿದ್ದಳು. ಚಾಕು ಹಿಡಿದ ಕಳ್ಳನ ಪಕ್ಕದಲ್ಲೇ ಪಿಜ್ಜಾ ತಂದವನು, ಫೋನ್ ಹಿಡಿದ ಹೆಂಗಸು, ಊರುಗೋಲಿನ ಅಜ್ಜ. ಬೆನ್ನು ಮಾಡಿ ನಿಂತವಳು ಸೀಟಿ ಕೇಳಿದ ಕೂಡಲೇ ತಿರುಗಿ, ನೋಡಿ, ತೀರ್ಮಾನಿಸಬೇಕು. ತಪ್ಪಿ ಅಜ್ಜನಿಗೆ ಹೊಡೆದವಳು ಮುಂದಿನ ವಾರ ಎಲ್ಲರಿಗೂ ಪೀಕಾನ್ ಬೀಜದ ಸಿಹಿ ಪೈ ಮಾಡಿ ತರಬೇಕು. ನಡೀನ್ ಮೂರು ವಾರ ಮೇಲಿಂದ ಮೇಲೆ ಪೈ ತಂದಳು.

"ಆ ಮುದುಕ ನಿನಗೇನು ಮಾಡಿದ್ನೇ?"

"ಅವನ ಮೀಸೆ ನೋಡಿದ್ಯಾ ಓಪಲ್? ಥೇಟ್ ನನ್ನ ಮೊದಲನೇ ಗಂಡನದ್ದೇ!"

ಹೊಂಡದ ತುಂಬ ನಗು. ಆದರೂ ಓಪಲ್ ಅವಳನ್ನು ಬಿಡಲಿಲ್ಲ. ಉಳಿದವರು ಗಾಡಿ ಹತ್ತಿದ ಮೇಲೂ ನಡೀನ್‌ಳನ್ನು ನಿಲ್ಲಿಸಿಕೊಂಡು, ತಿರುಗು, ನೋಡು, ತಿರುಗು, ನೋಡು ಎಂದು ಬೆವರಿಳಿಸಿದಳು.

ತೊಂಬತ್ನಾಲ್ಕರ ಏಪ್ರಿಲ್‌ನಲ್ಲಿ ಮಟಮಟ ಮಧ್ಯಾಹ್ನ ಧೂಳಿನ ಬಿರುಗಾಳಿ ಎದ್ದು ಊರು ಕತ್ತಲಾಯಿತು. ಕರೆಂಟು ಹೋಯಿತು. ಮನೆಯಲ್ಲಿ ನಡೀನ್ ಒಬ್ಬಳೇ. ಹಿಂದಿನ ಬಾಗಿಲು ಧಡಾರನೆ ತೆರೆಯಿತು. ಒಳಗೆ ಬಂದವನು ಭಾರೀ ಆಳು, ಕೈಯಲ್ಲಿ ಕರ್ರಗೆ ಉದ್ದನೆಯದೇನೋ. ನಡೀನ್ ಪಿಸ್ತೂಲು ತೆಗೆದು ಫ್ರಿಜ್ಜಿನ ಪಕ್ಕಕ್ಕೆ ಸರಿದಳು. "ನಿಂತ್ಕೋ! ಕೈ ತೋರ್ಸು!" ಎಂದು ಚೀರಿದಳು.

ಆ ಆಳು ನಿಂತ. "ಮೇಬೆಲ್," ಎಂದ, "ಗಾಳಿ ಜೋರಾಗಿದೆ ಕಣೇ. ಬಾಗಿಲು ಹಾಕು."

ಡೆಲ್ಬರ್ಟ್ ಓಕ್ಸ್! ಎಂಟು ವರ್ಷ ನಡೀನ್‌ಳನ್ನು ಶಾಲೆಗೆ ಕರೆದೊಯ್ದ ಬಸ್ಸಿನ ಡ್ರೈವರು. ಮೂರು ಮನೆಯಾಚೆ ಮಗಳ ಜೊತೆ ಇದ್ದ. ಮರೆವು ಹತ್ತಿ, ತೀರಿಹೋದ ಹೆಂಡತಿ ಮೇಬೆಲ್‌ಳನ್ನು ಊರೆಲ್ಲ ಹುಡುಕುತ್ತಿದ್ದ. ಕೈಯಲ್ಲಿದ್ದದ್ದು ಮಡಿಸಿದ ಛತ್ರಿ.

ನಡೀನ್ ಪಿಸ್ತೂಲನ್ನು ಫ್ರಿಜ್ಜಿನ ಮೇಲಿಟ್ಟು ಬಾಗಿಲು ಹಾಕಿದಳು. ಅವನನ್ನು ಕೂರಿಸಿ ಜೋಳದ ಬ್ರೆಡ್ಡು, ಹಾಲು ಕೊಟ್ಟಳು. ಅವನ ಮಗಳಿಗೊಂದು ಫೋನು, ಓಪಲ್‌ಗೊಂದು ಫೋನು.

ದಾರಿ ಕಾಣದ ಧೂಳಿನಲ್ಲೇ ಓಪಲ್ ಗಾಡಿ ಓಡಿಸಿಕೊಂಡು ಬಂದಳು. ಅಷ್ಟರಲ್ಲಿ ಮಗಳು ಬಂದು ಡೆಲ್ಬರ್ಟ್‌ನನ್ನು ಕರೆದುಕೊಂಡು ಹೋಗಿದ್ದಳು. ನಡೀನ್ ನೆಲದ ಮೇಲೆ ಮಂಡಿ ತಬ್ಬಿ ಕೂತಿದ್ದಳು.

"ಬೆರಳು ಹೊರಗೇ ಇತ್ತು ಓಪಲ್. ಆಣೆ ಮಾಡ್ತೀನಿ, ಹೊರಗೇ ಇತ್ತು."

"ಗೊತ್ತು ಕಣೇ. ಗೊತ್ತು," ಎಂದ ಓಪಲ್ ಅವಳನ್ನು ಎದೆಗೆ ಒತ್ತಿಕೊಂಡು ಅಲ್ಲೇ ಕೂತಳು. ಅಷ್ಟು ವರ್ಷ ಕಲಿಸಿದ್ದರಲ್ಲಿ ಆಕೆಗೆ ಅಷ್ಟೊಂದು ಹೆದರಿಕೆಯೂ ಅಷ್ಟೊಂದು ಹೆಮ್ಮೆಯೂ ಒಟ್ಟಿಗೇ ಆದದ್ದು ಅವತ್ತೊಂದೇ ದಿನ.

ಡೆಲ್ಬರ್ಟ್ ಇನ್ನೂ ಎರಡು ವರ್ಷ ಬದುಕಿದ. ಅವನ ಮಣ್ಣಿನ ದಿನ ಚರ್ಚಿನ ಊಟದ ಸಾಲಿನಲ್ಲಿ ಮಗಳು ಓಪಲ್‌ಳ ಕೈ ಹಿಡಿದುಕೊಂಡಳು.

"ಕೊನೆಗೆ ಒಂದು ದಿನ ಅಪ್ಪ ನನ್ನ ಹೆಸರು ಹಿಡಿದು ಕರೆದ, ಓಪಲ್ ಆಂಟಿ. ಒಂದೇ ಸಲ. ಅವತ್ತು ನಡೀನ್ ಹೊಡೆಯದೆ ಇದ್ದದ್ದಕ್ಕೆ ಅದು ನನಗೆ ಸಿಕ್ಕಿತು."

ಓಪಲ್ ತಟ್ಟೆ ಪಕ್ಕಕ್ಕಿಟ್ಟು ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಎರಡು ಸಾವಿರದ ಒಂಬತ್ತರಲ್ಲಿ ಹೊಂಡದ ಜಮೀನು ಮಾರಾಟವಾಯಿತು. ಕೊನೆಯ ಶನಿವಾರ ಹಳಬರೆಲ್ಲ ಬಂದರು. ಮತ್ತೆ ಮದುವೆಯಾಗಿ ಅಮರಿಲ್ಲೋ ಪಟ್ಟಣ ಸೇರಿದ್ದ ನಡೀನ್ ಕೂಡ ಎರಡು ಗಂಟೆ ಗಾಡಿ ಓಡಿಸಿಕೊಂಡು ಬಂದಳು. ಗುರಿ ಹೊಡೆಯುವುದೆಲ್ಲ ಹನ್ನೊಂದಕ್ಕೇ ಮುಗಿಯಿತು. ಆದರೆ ಯಾರಿಗೂ ಹೊರಡುವ ಮನಸ್ಸಿಲ್ಲ. ಬಗ್ಗಲಾರದ ಮಂಡಿಗಳನ್ನು ಬೈದುಕೊಳ್ಳುತ್ತ, ಬಿಸಿಲಿಗೆ ಕೆನ್ನೆ ಕೆಂಪಾಗಿಸಿಕೊಂಡು, ಜಲ್ಲಿಯಲ್ಲಿ ಬಿದ್ದ ಹಿತ್ತಾಳೆಯ ಖಾಲಿ ತೋಟಾಗಳನ್ನು ಒಂದೊಂದಾಗಿ ಆಯುತ್ತ, ಹಳೆಯ ಗಂಡಂದಿರನ್ನು ಆಡಿಕೊಳ್ಳುತ್ತ, ಮಧ್ಯಾಹ್ನವಿಡೀ ಅಲ್ಲೇ ಇದ್ದರು.